ಧೈರ್ಯವನ್ನು ಹೇಳುವ ಮಾತುಗಳು: ಇಂಗ್ಲೀಷಿನಿಂದ ಸ್ಲೋವಾಕ್ ಭಾಷೆಗೆ

ಇಂಗ್ಲೀಷು ಕಲಿಯಲಾರಂಭಿಸಿದ ಬಾಲಿಕೆಯರಿಗೆ ಮೊದಲನೆಯ ವರುಷಗಳಲ್ಲಿಯೇ ಪರಿಚಯವಾಗುವ ಶಬ್ದಗಳಲ್ಲಿ ‘ಬ್ರೇವ್’ ಎಂಬದೊಂದು. ಯುದ್ಧಕ್ಕೆ ಹೋದ ಸಿಪಾಯಿಯೂ ಬ್ರೇವ್. ಹೊಳೆಯಲ್ಲಿ ಮುಳುಗುವವನನ್ನು ಎಳೆದು ತಂದ ಹುಡುಗನೂ ಬ್ರೇವ್. ಹುಣ್ಣಿಗೆ ಔಷಧ ಹಚ್ಚುವಾಗ ಅಳದೆ ಕುಳಿತ ಮಗುವೂ ಬ್ರೇವ್. ನಾವು ಆ ಶಬ್ದದ ಎದುರಿಗೆ ‘ಧೈರ್ಯವುಳ್ಳ’ ಎಂದು ಬರೆದುಕೊಂಡು ಮುಂದಿನ ಶಬ್ದಕ್ಕೆ ಹೋಗಿಬಿಡುತ್ತೇವೆ. ಆದರೆ ಕೆಲವು ದಿನಗಳಲ್ಲಿಯೇ ಕರೇಜ್, ಬೋಲ್ಡ್‌ನೆಸ್, ವ್ಯಾಲರ್, ಹೀರೋಯಿಸಂ, ಫಾರ್ಟಿಟ್ಯೂಡ್, ಆಡ್ಯಾಸಿಟಿ, ಪ್ಲಕ್ ಎಂದು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಎಲ್ಲಕ್ಕೂ ‘ಧೈರ್ಯ’ ಎಂದೇ ಬರೆದರೆ ಅರ್ಥವು ಅರ್ಧ ಮಾತ್ರ ಸಿಕ್ಕೀತು. ಕೆಲವೆಡೆ ಅದೂ ಸಿಕ್ಕಲಾರದು.

ಒಂದು ಭಾಷೆಯವರು ಯಾವದನ್ನು ಧೈರ್ಯವೆಂದು ಮೆಚ್ಚುತ್ತಾರೆ, ಯಾವದನ್ನು ಉದ್ಧಟತನವೆಂದು ಹಳಿಯುತ್ತಾರೆ, ಯಾರಲ್ಲಿ ಅದನ್ನು ನಿರೀಕ್ಷಿಸುತ್ತಾರೆ ಎಂಬದೆಲ್ಲಾ ಅವರ ಶಬ್ದಗಳಲ್ಲಿ ಅಡಗಿಕೊಂಡಿರುತ್ತದೆ. ಭಾಷಾಂತರ ಮಾಡಹೊರಟವರಿಗೆ ಅದು ಕಣ್ಣಿಗೆ ಬೀಳದೆ ಇರದು. ಈ ಸಂಗತಿಯನ್ನು ತೋರಿಸುವದಕ್ಕೆ ನಾವು ಇಲ್ಲಿ ಮಧ್ಯ ಯೂರೋಪಿನ ಸ್ಲೋವಾಕ್ ಭಾಷೆಯನ್ನು ಆರಿಸಿಕೊಂಡಿದ್ದೇವೆ. ನಮ್ಮ ವಾಚಕರಲ್ಲಿ ಬಹು ಮಂದಿಗೆ ಅದು ಹೊಸ ಹೆಸರಾಗಿರಬಹುದು. ಆದರೂ ಅದರ ಚರಿತ್ರೆಯಲ್ಲಿ ಬೋಧಕರ ಮನೆಗಳೂ, ಚಿಕ್ಕ ಶಾಲೆಗಳೂ, ಸತ್ಯವೇದದ ಭಾಷಾಂತರಗಳೂ ದೊಡ್ಡ ಪಾತ್ರ ವಹಿಸಿವೆ. ಆದಕಾರಣ ಇಂಥ ಸಂಚಿಕೆಯಲ್ಲಿ ಅದಕ್ಕೆ ಸ್ಥಳ ಕೊಡುವದು ಅನುಚಿತವಾಗದೆಂದು ನಂಬುತ್ತೇವೆ.

ಸ್ಲೋವಾಕ್ ಜನರು ಸುಮಾರು ಸಾವಿರ ವರುಷ ಹಂಗೇರಿಯ ರಾಜ್ಯದೊಳಗೆ ಇದ್ದವರು. 1918ರಲ್ಲಿ ಚೆಕ್ ಜನರೊಡನೆ ಸೇರಿ ಚೆಕೊಸ್ಲೊವಾಕಿಯ ಎಂಬ ರಾಷ್ಟ್ರವಾದರು. 1993ನೆಯ ಜನವರಿ 1ನೆಯ ತಾರೀಖಿನಿಂದ ಪ್ರತ್ಯೇಕ ರಾಷ್ಟ್ರವಾಗಿದ್ದಾರೆ. ಬಹುಕಾಲ ಅವರಿಗೆ ತಮ್ಮದೇ ಆದ ಬರಹದ ಭಾಷೆಯು ಗೊತ್ತಾಗಿರಲಿಲ್ಲ. ಲೂಥರನ ಮತವನ್ನು ಅನುಸರಿಸಿದವರು, ಚೆಕ್ ಭಾಷೆಯಲ್ಲಿ 1579ರಿಂದ ಸಂಪುಟ ಸಂಪುಟವಾಗಿ ಅಚ್ಚಾದ ಕ್ರಾಲಿತ್ಸೆಯ ಸತ್ಯವೇದವನ್ನೇ ದೇವಾಲಯದಲ್ಲಿಯೂ ಮನೆಯಲ್ಲಿಯೂ ಓದುತ್ತಿದ್ದರು. ಕಥೋಲಿಕ ಪಾದ್ರಿಯಾದ ಅಂತೋನ್ ಬೆರ್ನೊಲಾಕನು 1787ರಲ್ಲಿ ಪಶ್ಚಿಮ ಸೀಮೆಯ ಮಾತನ್ನು ಆಧಾರವಾಗಿಟ್ಟುಕೊಂಡು ಮೊದಲನೆಯ ಬರಹದ ಕ್ರಮವನ್ನು ಏರ್ಪಡಿಸಿದನು. ಅವನು ಸಿದ್ಧಪಡಿಸಿದ ಐದು ಭಾಷೆಗಳ ದೊಡ್ಡ ನಿಘಂಟು ಅವನು ತೀರಿಕೊಂಡ ಮೇಲೆ 1825ರಿಂದ 1827ರೊಳಗೆ ಅಚ್ಚಾಯಿತು. ಅನಂತರ 1843ನೆಯ ಜುಲೈ ತಿಂಗಳಲ್ಲಿ ಹ್ಲ್‌ಬೊಕೇ ಎಂಬ ಹಳ್ಳಿಯಲ್ಲಿ, ಬೋಧಕ ಹುರ್ಬಾನನ ಮನೆಯಲ್ಲಿ, ಲ್ಯುದೊವೀತ್ ಶ್ತೂರ್, ಹುರ್ಬಾನ್, ಹೊಜ ಎಂಬ ಮೂವರು ಕೂಡಿ ಮಧ್ಯ ಸೀಮೆಯ ಮಾತನ್ನೇ ಎಲ್ಲರ ಬರಹಕ್ಕೂ ಆಧಾರವಾಗಿ ಮಾಡಬೇಕೆಂದು ನಿಶ್ಚಯಿಸಿದರು. ಇಂದಿನ ಸ್ಲೋವಾಕ್ ಭಾಷೆಯು ಅಲ್ಲಿಂದ ಬೆಳೆದದ್ದು. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟೆಲರ ನಿಘಂಟನ್ನು ಬಲ್ಲ ನಮಗೆ, ಒಬ್ಬ ಬೋಧಕನ ಮೇಜಿನ ಮೇಲೆ ಒಂದು ಭಾಷೆಯ ಶಬ್ದಗಳೆಲ್ಲಾ ಕೂಡಿಬಂದ ಸಂಗತಿಯು ಅಪರಿಚಿತವೆನಿಸದು.

ಇನ್ನೊಂದು ಕಾರಣದಿಂದಲೂ ಆ ಭಾಷೆ ನಮಗೆ ದೂರದ್ದಲ್ಲ. ಕನ್ನಡದ ಅಕ್ಷರಮಾಲೆಯಲ್ಲಿ ‘ಋ’, ‘ೠ’ ಎಂಬ ಎರಡು ಸ್ವರಗಳನ್ನು ಬಾಯಿಪಾಠ ಮಾಡುವಾಗ, ದೀರ್ಘವಾದ ಎರಡನೆಯದು ಯಾತಕ್ಕೆಂದು ನಮ್ಮ ಹುಡುಗಿಯರು ಕೇಳುವದುಂಟು. ಸ್ಲೋವಾಕ್ ಭಾಷೆಯಲ್ಲಿ ಈ ಎರಡು ಬಗೆಯ ಸ್ವರಗಳೂ ದಿನದಿನದ ಮಾತಿನಲ್ಲಿ ಜೀವಂತವಾಗಿವೆ. ಹೃದಯಕ್ಕೆ ಅವರು ‘ಸೃದ್ತ್ಸೆ’ ಎನ್ನುತ್ತಾರೆ. ನೀರಂಜಿ ಜಾತಿಯ ಒಂದು ಮರಕ್ಕೆ ‘ವೄಬ’ ಎನ್ನುತ್ತಾರೆ. ಯೂರೋಪಿನ ಭಾಷೆಯೊಂದನ್ನು ಬರೆಯುವದಕ್ಕೆ ನಮ್ಮ ಲಿಪಿಯು ಇಷ್ಟು ಸುಲಭವಾಗಿ ಒದಗುವದನ್ನು ಕಂಡು ನಾವೇ ಆಶ್ಚರ್ಯಪಟ್ಟೆವು.

ಈಗ ಶಬ್ದಗಳ ವಿಚಾರಕ್ಕೆ ಬರುವ. ಇಂಗ್ಲೀಷಿನ ‘ಕರೇಜ್’ ಎಂಬದು ಫ್ರೆಂಚ್ ಭಾಷೆಯ ಮೂಲಕ ಬಂದದ್ದು. ಅದರ ಬೇರು ಹೃದಯವೆಂಬ ಅರ್ಥದ ಲ್ಯಾಟಿನ್ ಶಬ್ದ. ಹೃದಯವಿದ್ದವನಿಗೆ ಧೈರ್ಯವುಂಟೆಂಬದು ಹಳೆಯ ಭಾವನೆ. ಸ್ಲೋವಾಕ್ ಭಾಷೆಯಲ್ಲಿಯೂ ‘ಸೃದ್ತ್ಸೆ’ ಎಂಬದರಿಂದಲೇ ‘ಸೃದ್ನತೊಸ್ತ್’ ಎಂಬ ಶಬ್ದ ಹುಟ್ಟಿದೆ. ಕನ್ನಡಿಗರಾದ ನಾವು ‘ಎದೆಗಾರಿಕೆ’ ಎಂದೂ ‘ಕೆಚ್ಚೆದೆ’ ಎಂದೂ ಹೇಳುವದು ಇದೇ ಭಾವನೆಯಿಂದ. ಲ್ಯಾಟಿನ್ ಶಬ್ದವನ್ನೂ, ಸ್ಲೋವಾಕರ ‘ಸೃದ್ತ್ಸೆ’ಯನ್ನೂ, ಇಂಗ್ಲೀಷಿನ ‘ಹಾರ್ಟ್’ ಎಂಬದನ್ನೂ ಭಾಷಾಶಾಸ್ತ್ರಜ್ಞರು ಒಂದೇ ಕುಟುಂಬಕ್ಕೆ ಸೇರಿಸುತ್ತಾರೆ; ಸಂಸ್ಕೃತದ ‘ಹೃದಯ’ವನ್ನೂ, ಅದರ ಮೊದಲನೆಯ ಅಕ್ಷರವು ಸ್ವಲ್ಪ ನಿಯಮ ತಪ್ಪಿದ್ದರೂ, ಅದೇ ಬಳಗದ್ದೆಂದು ಎಣಿಸುತ್ತಾರೆ. ಹೀಗಿದ್ದರೂ ‘ಕರೇಜ್’ ಎಂದು ಕಂಡಲ್ಲೆಲ್ಲಾ ‘ಸೃದ್ನತೊಸ್ತ್’ ಎಂದು ಬರೆದರೆ ಸಲ್ಲದು. ಯಾಕಂದರೆ ಅದು ಈಗ ಗ್ರಂಥಗಳಲ್ಲಿ ಮಾತ್ರ ಉಳಿದಿರುವ ಹಳೆಯ ಮಾತು. ಬೇರು ಒಂದೇ ಎಂದು ಬಳಕೆಯೂ ಒಂದೇ ಆಗಿರಬೇಕೆಂದಿಲ್ಲ. ಭಾಷಾಂತರಕಾರರು ಮೊದಲು ಕಲಿಯಬೇಕಾದ ಪಾಠವಿದು.

‘ಕರೇಜ್’ ಎಂಬದಕ್ಕೆ ಸ್ಲೋವಾಕರು ಸಾಧಾರಣವಾಗಿ ಹೇಳುವದು ‘ಒದ್ವಹ’ ಎಂದು. ಈ ಶಬ್ದವನ್ನು ಬಿಡಿಸಿ ನೋಡುವದು ಒಳ್ಳೇದು. ‘ವಾಹ’ ಎಂದರೆ ತಕ್ಕಡಿ, ತೂಕ. ಇದನ್ನು ಅವರು ಪೂರ್ವದಲ್ಲಿ ಜರ್ಮನರಿಂದ ಪಡೆದರು. ‘ವಾಝಿತ್’ ಎಂದರೆ ತೂಗು. ಆ ಬಳಗದಲ್ಲಿಯೇ ‘ಊವಹ’ ಎಂದರೆ ಆಲೋಚನೆ. ‘ವಾಹತ್’ ಎಂದರೆ ಹಿಂದೆ ಮುಂದೆ ನೋಡು, ಅನುಮಾನಿಸು. ತಕ್ಕಡಿಯ ಮುಳ್ಳು ಅತ್ತಿತ್ತ ಆಡುತ್ತಿರುವ ತನಕ ಮನುಷ್ಯನು ಅನುಮಾನಿಸುತ್ತಾನೆ. ತೂಗಿ ಮುಗಿಸಿ ಕಾಲು ಮುಂದಿಟ್ಟನೆಂದರೆ ಅದು ‘ಒದ್ವಹ’. ಅನುಮಾನಕ್ಕೂ ಧೈರ್ಯಕ್ಕೂ ಒಂದೇ ತಕ್ಕಡಿಯಿಂದ ಹೆಸರಿಟ್ಟ ಈ ಜನರ ಅನುಭವವು ದೊಡ್ಡದೆಂದು ನಮಗೆ ತೋರುತ್ತದೆ. ಸಂಸ್ಕೃತದಲ್ಲಿ ‘ಧೀರ’ ಎಂಬದಕ್ಕೆ ಸ್ಥಿರಚಿತ್ತನೆಂದೂ ವಿವೇಕಿಯೆಂದೂ ಎರಡು ಅರ್ಥಗಳಿರುವದನ್ನು ಇಲ್ಲಿ ನೆನಸಿಕೊಳ್ಳಬಹುದು. ‘ಅವಳಿಗೆ ಸತ್ಯವನ್ನು ಹೇಳುವ ಧೈರ್ಯವಿತ್ತು’ ಎಂಬದನ್ನು ಸ್ಲೋವಾಕ್ ಭಾಷೆಯಲ್ಲಿ ‘ಮಲ ಒದ್ವಹು ಪೊವೆದತ್ ಪ್ರವ್ದು’ ಎಂದು ಹೇಳುವರು. ಅಪಾಯವನ್ನು ತಿಳಿದು, ಬೆಲೆಯನ್ನು ಎಣಿಸಿ, ಆ ಮೇಲೆ ಮಾಡುವ ಕೆಲಸಕ್ಕೆ ಇದಕ್ಕಿಂತ ತಕ್ಕ ಮಾತಿಲ್ಲ.

‘ಬೋಲ್ಡ್‌ನೆಸ್’ ಎಂಬದಕ್ಕೆ ಒದಗುವದು ‘ಸ್ಮೆಲೊಸ್ತ್’. ಇದು ‘ಮಾಡಲು ಅನುಮತಿಯುಂಟು’ ಎಂಬರ್ಥದ ಕ್ರಿಯಾಪದಕ್ಕೆ ಸಂಬಂಧಿಸಿದ್ದು. ತನಗೆ ಹಕ್ಕುಂಟೆಂದು ತಿಳಿದು ಸಂಕೋಚವಿಲ್ಲದೆ ಮುಂದೆ ಬರುವವನೇ ‘ಸ್ಮೆಲೀ’. ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರ ಯೋಹಾನರು ಅಧಿಕಾರಿಗಳ ಮುಂದೆ ನಿಂತು ಮಾತಾಡಿದ ಬಗೆಗೆ ಗ್ರೀಕ್ ಮೂಲದಲ್ಲಿ ಇರುವ ಶಬ್ದವು ‘ಎಲ್ಲವನ್ನೂ ಬಿಚ್ಚಿ ಹೇಳುವದು’ ಎಂಬ ಅರ್ಥದ್ದು. ಅಂಥ ಸ್ಥಳದಲ್ಲಿ ತೂಕದ ಮಾತಾದ ‘ಒದ್ವಹ’ಕ್ಕಿಂತ ‘ಸ್ಮೆಲೊಸ್ತ್’ ಹೆಚ್ಚು ಒಪ್ಪುತ್ತದೆ. ಓದು ಬರಹವಿಲ್ಲದ ಬೆಸ್ತರು ಸಭೆಯ ಮುಂದೆ ಬಾಯಿ ತೆರೆದದ್ದೇ ಅಲ್ಲಿ ಆಶ್ಚರ್ಯದ ಸಂಗತಿಯಾಗಿತ್ತು.

ಎಲ್ಲಕ್ಕಿಂತಲೂ ವಿಚಾರಕ್ಕೆ ಯೋಗ್ಯವಾದದ್ದು ‘ಸ್ತತೊಚ್ನೊಸ್ತ್’ ಎಂಬ ಶಬ್ದ. ಇದು ‘ನಿಲ್ಲು’ ಎಂಬ ಮೂಲದ ಬಳಗಕ್ಕೆ ಸೇರಿದ್ದು. ಸಂಸ್ಕೃತದ ‘ಸ್ಥಾ’ ಧಾತುವು ಅದರ ದೂರದ ಸಹೋದರಿ. ನೆರೆಯ ಚೆಕ್ ಭಾಷೆಯಲ್ಲಿ ‘ಸ್ತತೆಚ್ನೀ’ ಎಂದರೆ ಶೂರನು, ಧೀರನು. ಸ್ಲೋವಾಕ್ ಭಾಷೆಯಲ್ಲಿ ‘ಸ್ತತೊಚ್ನೀ’ ಎಂದರೆ ಮೊದಲು ಪ್ರಾಮಾಣಿಕನು, ನೇರ ನಡತೆಯವನು. ಶೂರನೆಂಬದು ಅದರೊಡನೆ ಬರುವ ಎರಡನೆಯ ಅರ್ಥ. ‘ಬ್ರೇವ್ ಸಿಪಾಯಿ’ ಎಂಬದನ್ನು ಈ ಶಬ್ದದಿಂದ ಭಾಷಾಂತರಿಸಿದರೆ ಯುದ್ಧದ ಸಂದರ್ಭವು ಅರ್ಥವನ್ನು ಕಾಪಾಡೀತು. ಆದರೆ ‘ಬ್ರೇವ್ ಅಂಗಡಿಯವನು’ ಎಂಬದನ್ನು ಹಾಗೆಯೇ ಭಾಷಾಂತರಿಸಿದರೆ, ಓದುವವರು ಅವನು ತೂಕದಲ್ಲಿ ಮೋಸ ಮಾಡದವನೆಂದು ತಿಳಿಯುವರು. ಕಳ್ಳರನ್ನು ಎದುರಿಸಿದನೆಂಬ ಕಥೆಯು ಕೈತಪ್ಪಿ ಹೋಗುವದು. ಒಂದೇ ತಾಯಿಯ ಮಕ್ಕಳಂತಿರುವ ಎರಡು ಭಾಷೆಗಳಲ್ಲಿ ಒಂದೇ ಶಬ್ದವು ಹೀಗೆ ಬೇರೆ ಬೇರೆ ದಾರಿ ಹಿಡಿಯುವದರಿಂದ, ಚೆಕ್ ಬಲ್ಲೆನೆಂದು ಸ್ಲೋವಾಕಿಗೆ ಕೈ ಹಾಕುವವರು ಎಡವುತ್ತಾರೆ. ಆದರೂ ಪ್ರಾಮಾಣಿಕತೆಯನ್ನೂ ಧೈರ್ಯವನ್ನೂ ಒಂದೇ ಹೆಸರಿನಿಂದ ಕರೆಯುವ ಭಾಷೆಯು ನಮಗೊಂದು ಉಪದೇಶ ಮಾಡುತ್ತದೆಂದು ಹೇಳಿದರೆ ತಪ್ಪಾಗದು. ಸುಳ್ಳು ಹೇಳಬೇಕಾಗಿ ಬಂದಾಗ ಹೇಳದೆ ನಿಲ್ಲುವವನಿಗೆ ಎರಡೂ ಬೇಕು.

ರಣರಂಗದ ಶೌರ್ಯಕ್ಕೆ ಇಂಗ್ಲೀಷಿನಲ್ಲಿ ‘ವ್ಯಾಲರ್’ ಎಂಬ ಘನವಾದ ಶಬ್ದವುಂಟು. 1856ರಲ್ಲಿ ಏರ್ಪಟ್ಟ ವಿಕ್ಟೋರಿಯಾ ಕ್ರಾಸ್ ಪದಕದ ಮೇಲೆ ‘ಶೂರರಿಗೆ’ ಎಂಬರ್ಥದ ಮಾತನ್ನು ಕೆತ್ತಬೇಕೆಂದು ಸೂಚನೆ ಬಂದಾಗ, ರಾಣಿಯವರು ಅದನ್ನು ಬದಲಿಸಿ ‘ಶೌರ್ಯಕ್ಕಾಗಿ’ ಎಂದು ಮಾಡಿಸಿದರು. ಪದಕ ದೊರೆಯದವರು ಶೂರರಲ್ಲವೆಂದು ಯಾರೂ ತಿಳಿಯಬಾರದೆಂಬದೇ ಅವರ ಇಂಗಿತ. ಪದಕದ ಮೇಲಿನ ಒಂದು ಮಾತಿನಲ್ಲಿಯೂ ಇಷ್ಟು ವಿವೇಚನೆ ಬೇಕಾಯಿತು. ‘ವ್ಯಾಲರ್’ ಎಂಬದಕ್ಕೆ ಸ್ಲೋವಾಕಿನಲ್ಲಿ ‘ಖ್ರಬ್ರೊಸ್ತ್’ ಸಮನಾಗಿ ನಿಲ್ಲುತ್ತದೆ. ಅದೂ ಮನೆಮಾತಲ್ಲ, ಸೈನ್ಯದ, ಶಾಸನದ, ಕಾವ್ಯದ ಮಾತು. 1940ರಲ್ಲಿ ಲಂಡನಿನಲ್ಲಿ ಆಶ್ರಯ ಪಡೆದಿದ್ದ ಚೆಕೊಸ್ಲೊವಾಕ್ ಸರಕಾರದವರು ಶತ್ರುವಿನ ಎದುರಿನಲ್ಲಿ ತೋರಿದ ಶೌರ್ಯಕ್ಕಾಗಿ ಒಂದು ಪದಕವನ್ನು ಏರ್ಪಡಿಸಿದಾಗ ಈ ಬೇರಿನ ಶಬ್ದವನ್ನೇ ಆರಿಸಿದರು. ‘ಉದತ್ನೀ’ ಎಂಬ ಇನ್ನೊಂದು ಶಬ್ದವು ಹಳೆಯ ಕಥೆಗಳ ರಾಜಕುಮಾರರಿಗೆ ಒಪ್ಪುತ್ತದೆ. ಇಂದಿನ ವರ್ತಮಾನಪತ್ರದಲ್ಲಿ ಅದನ್ನು ಕಂಡರೆ ಓದುವವರು ನಕ್ಕಾರು.

‘ಹೀರೋ’ ಎಂಬ ಗ್ರೀಕ್ ಶಬ್ದಕ್ಕೆ ಸ್ಲೋವಾಕಿನಲ್ಲಿ ‘ಹೃದಿನ’ ಎನ್ನುತ್ತಾರೆ. ಕನ್ನಡಿಗರ ಕಿವಿಗೆ ಇದು ಹೃದಯದ ನೆಂಟನೆಂದು ಕೇಳಿಸಿದರೂ, ಹುಟ್ಟಿದ್ದು ‘ಹೃದೀ’ ಎಂಬ ಅಭಿಮಾನವಾಚಕದಿಂದ. ತಲೆಯೆತ್ತಿ ನಿಂತವನೆಂದು ಭಾವ. ಸ್ತ್ರೀಯಾದರೆ ‘ಹೃದಿನ್ಕ’. ಕಿವಿಯನ್ನು ನಂಬಿ ಅರ್ಥ ಮಾಡಬಾರದೆಂಬದಕ್ಕೆ ಇದೊಂದು ನಿದರ್ಶನ. ಇನ್ನೂ ವಿನೋದವಾದ ನಿದರ್ಶನ ಬೇಕಾದರೆ ‘ಬ್ರೇವ್’ ಎಂಬದನ್ನೇ ತೆಗೆದುಕೊಳ್ಳಿರಿ. ಸ್ಲೋವಾಕ್ ಭಾಷೆಯಲ್ಲಿ ‘ಬ್ರವ್’ ಎಂದರೆ ಹಂದಿ! ಹಂದಿಯ ಮಾಂಸಕ್ಕೆ ಕಟುಕನ ಅಂಗಡಿಯಲ್ಲಿ ‘ಬ್ರವ್ಚೊವೇ’ ಎಂದು ಹೇಳುವರು. ಧ್ವನಿ ಹೋಲುತ್ತದೆಂದು ಶಬ್ದವನ್ನು ಅದೇ ರೂಪದಲ್ಲಿ ದಾಟಿಸಹೊರಟವರ ಗತಿ ಏನಾದೀತೆಂದು ಊಹಿಸಬಹುದು.

‘ಫಾರ್ಟಿಟ್ಯೂಡ್’ ಎಂಬದು ಬಲವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಒಂದು ಗಳಿಗೆಯ ಸಾಹಸವನ್ನಲ್ಲ, ವರುಷಗಟ್ಟಲೆ ಕಷ್ಟವನ್ನು ಸಹಿಸಿ ಕುಗ್ಗದಿರುವ ಗುಣವನ್ನು ಅದು ಹೇಳುತ್ತದೆ. ಪ್ರಾಚೀನ ಸಭೆಯ ಬೋಧಕರು ವಿವೇಕ, ನ್ಯಾಯ, ಮಿತ ಎಂಬವುಗಳೊಡನೆ ಇದನ್ನು ನಾಲ್ಕು ಮುಖ್ಯ ಸದ್ಗುಣಗಳಲ್ಲಿ ಒಂದಾಗಿ ಎಣಿಸಿದರು. ಸ್ಲೋವಾಕಿನಲ್ಲಿ ಇದಕ್ಕೆ ಒಂದೇ ಶಬ್ದ ಸಾಲದೆ ‘ಮ್ರವ್ನಾ ಸಿಲ’, ಅಂದರೆ ‘ನೈತಿಕ ಬಲ’ ಎಂದು ಎರಡು ಶಬ್ದಗಳನ್ನು ಜೋಡಿಸಿ ಧರ್ಮೋಪದೇಶದ ಪುಸ್ತಕಗಳಲ್ಲಿ ಬರೆಯುತ್ತಾರೆ. ಒಂದಕ್ಕೆ ಎರಡಾದರೂ ಅರ್ಥವು ಕೆಡದಿದ್ದರೆ ಅದೇ ಒಳ್ಳೇ ಭಾಷಾಂತರ. ‘ಫಿಯರ್‌ಲೆಸ್’ ಎಂಬದಕ್ಕೆ ಅವರ ‘ನೆಬೊಯಾತ್ಸ್ನಿ’ ಎಂಬದು ಅಕ್ಷರಾರ್ಥವಾಗಿಯೇ ಹೊಂದುತ್ತದೆ. ‘ನೆ’ ಎಂದರೆ ಇಲ್ಲ. ‘ಬೊಯ್’ ಎಂಬ ಬೇರು ಭಯವನ್ನು ಹೇಳುತ್ತದೆ, ಸಂಸ್ಕೃತದ ‘ಭಯ’ಕ್ಕೆ ಅದು ನಿಜವಾದ ಸಂಬಂಧಿ. ಅಂಜಬೇಡವೆಂದು ಸ್ಲೋವಾಕ್ ತಾಯಿ ಮಗುವಿಗೆ ‘ನೆಬೊಯ್ ಸ’ ಎನ್ನುತ್ತಾಳೆ; ನಾವು ‘ಅಭಯ’ ಎನ್ನುವ ಮಾತು ಅದರಿಂದ ಬಹು ದೂರವಿಲ್ಲ.

ಮನೆಮಾತಿನ ಶಬ್ದಗಳಿಗೆ ಬೇರೆ ಮರ್ಯಾದೆಯುಂಟು. ಇಂಗ್ಲೀಷಿನ ‘ಪ್ಲಕ್’ ಎಂಬದು ಮೊದಲು ಕಡಿದ ಪ್ರಾಣಿಯ ಹೃದಯ, ಪಿತ್ತಕೋಶ, ಶ್ವಾಸಕೋಶಗಳಿಗೆ ಕಟುಕರು ಹೇಳುತ್ತಿದ್ದ ಮಾತು. ಬರಬರುತ್ತಾ ಚಿಕ್ಕವರ ಗಟ್ಟಿತನಕ್ಕೆ ಹೆಸರಾಯಿತು. ಇದಕ್ಕೆ ‘ಖ್ರಬ್ರೊಸ್ತ್’ ಎಂದು ಬರೆಯುವದು ಹಳ್ಳಿಯ ಹುಡುಗಿಗೆ ಸೇನಾಪತಿಯ ಅಂಗಿ ತೊಡಿಸಿದಂತೆ. ಅಲ್ಲಿಗೆ ತಕ್ಕದ್ದು ‘ಗುರಾಝ್’. ಇದು ‘ಕರೇಜ್’ ಎಂಬ ಫ್ರೆಂಚ್ ಶಬ್ದವೇ, ಜರ್ಮನರ ಬಾಯಿಂದ ಸ್ಲೋವಾಕ್ ಹಳ್ಳಿಗರ ಬಾಯಿಗೆ ಬಂದು ರೂಪ ಬದಲಿಸಿದ್ದು. ಆದರೆ ಎಚ್ಚರಿಕೆ ಬೇಕು. ಮದ್ಯ ಕುಡಿದು ತಂದುಕೊಂಡ ಧೈರ್ಯಕ್ಕೂ ಅವರು ‘ಗುರಾಝ್’ ಎಂದೇ ಹೇಳುತ್ತಾರೆ. ಇಂಗ್ಲೀಷಿನವರು ಅದಕ್ಕೆ ‘ಡಚ್ ಕರೇಜ್’ ಎಂದು ಹೆಸರಿಟ್ಟು ಪಾಪವನ್ನು ನೆರೆಯವರ ಮೇಲೆ ಹೊರಿಸಿದರು.

ಕೆಲವೆಡೆಗಳಲ್ಲಿ ‘ಬ್ರೇವ್’ ಎಂದಿದ್ದರೂ ಅಲ್ಲಿ ಧೈರ್ಯದ ಮಾತೇ ಇರುವದಿಲ್ಲ. ಶೇಕ್ಸ್‌ಪಿಯರನ ಕಾಲದಲ್ಲಿ ಆ ಶಬ್ದಕ್ಕೆ ‘ಸೊಗಸಾದ, ಭವ್ಯವಾದ’ ಎಂಬ ಅರ್ಥವೂ ಇತ್ತು. ಆಲ್ಡಸ್ ಹಕ್ಸ್ಲಿಯವರು 1932ರಲ್ಲಿ ಪ್ರಕಟಿಸಿದ ಕಾದಂಬರಿಗೆ ಆ ಕವಿಯ ನಾಟಕದಿಂದ ‘ಬ್ರೇವ್ ನ್ಯೂ ವರ್ಲ್ಡ್’ ಎಂಬ ಹೆಸರನ್ನು ತೆಗೆದುಕೊಂಡರು. ಸ್ಲೋವಾಕ್ ಭಾಷಾಂತರಕಾರರು ಇದನ್ನು ಅರಿತು ‘ಸುಂದರ’ ಎಂಬರ್ಥದ ಶಬ್ದವನ್ನು ಅಲ್ಲಿ ಇಟ್ಟರು. ಇದಕ್ಕೆ ವಿರೋಧವಾದ ನಿದರ್ಶನವೂ ಉಂಟು. 1960ರ ಒಂದು ಪ್ರಸಿದ್ಧ ಅಮೆರಿಕನ್ ಚಲಚ್ಚಿತ್ರದ ಹೆಸರು ‘ಭವ್ಯರಾದ ಏಳು ಮಂದಿ’ ಎಂಬ ಅರ್ಥದ್ದು. ಸ್ಲೋವಾಕರು ಅದನ್ನು ‘ಸ್ತತೊಚ್ನೀ’ಗಳಾದ ಏಳು ಮಂದಿ ಎಂದು ಕರೆದರು. ಬಡ ಹಳ್ಳಿಗರಿಗಾಗಿ ಕೊಟ್ಟ ಮಾತನ್ನು ಉಳಿಸಿಕೊಂಡು ಹೋರಾಡಿದವರ ಕಥೆಯಾದ್ದರಿಂದ, ಮೂಲದಲ್ಲಿಲ್ಲದ ಶಬ್ದವೇ ಮೂಲದ ಹೃದಯವನ್ನು ಮುಟ್ಟಿತೆಂದು ಹೇಳಬಹುದು.

ಇನ್ನು ನಮ್ಮ ಶಾಲೆಯಂಥ ಸ್ಥಳದಲ್ಲಿ ಅಗತ್ಯವಾಗಿ ಆಲೋಚಿಸಬೇಕಾದ ಒಂದು ಸಂಗತಿಗೆ ಬರುತ್ತೇವೆ. ‘ಆಡ್ಯಾಸಿಟಿ’ ಎಂಬ ಇಂಗ್ಲೀಷು ಶಬ್ದಕ್ಕೆ ಎರಡು ಮುಖಗಳಿವೆ. ಒಮ್ಮೆ ಮೆಚ್ಚಿಕೆ, ಒಮ್ಮೆ ನಿಂದೆ. ಸ್ಲೋವಾಕಿನಲ್ಲಿ ಇವು ಎರಡು ಶಬ್ದಗಳಾಗಿ ಒಡೆಯುತ್ತವೆ. ತಕ್ಕಡಿಯ ಬೇರಿಗೆ ‘ಒದ್’ ಎಂಬ ಉಪಸರ್ಗ ಸೇರಿದರೆ ಧೈರ್ಯ. ‘ಒಪೊ’ ಎಂದು ಸೇರಿ ‘ಒಪೊವಾಝ್ಲಿವೊಸ್ತ್’ ಎಂದಾದರೆ ಮಿತಿಮೀರಿದ ಉದ್ಧಟತನ. ‘ದೃಝೊಸ್ತ್’ ಎಂಬ ಇನ್ನೊಂದು ಶಬ್ದದ ಕಥೆ ಮತ್ತೂ ವಿಚಿತ್ರ. 863ರಲ್ಲಿ ಮೊರಾವಿಯದ ಸೀಮೆಗೆ ಬಂದ ಸಿರಿಲ್ ಮೆಥೋದಿಯರೆಂಬ ಸಹೋದರರಿಂದ ಆರಂಭವಾದ ಹಳೆಯ ಸ್ಲಾವ್ ಸುವಾರ್ತೆಗಳಲ್ಲಿ, ಧೈರ್ಯವಾಗಿರೆಂದು ಕರ್ತನು ರೋಗಿಗೆ ಹೇಳುವ ಕಡೆ ಇದೇ ಬೇರಿನ ಶಬ್ದವಿತ್ತು. ಇಂದು ಸ್ಲೋವಾಕಿನಲ್ಲಿ ‘ದೃಝಾ’ ಎಂದರೆ ನಾಚಿಕೆಗೆಟ್ಟವಳು, ಎದುರುತ್ತರ ಕೊಡುವವಳು. ಕನ್ನಡದಲ್ಲಿ ಇದಕ್ಕೆ ವಿರುದ್ಧವಾಗಿ, ಸಂಸ್ಕೃತದಲ್ಲಿ ನಿಂದೆಗೂ ಸಲ್ಲುತ್ತಿದ್ದ ‘ಧೃಷ್ಟ’ ಎಂಬದು ತದ್ಭವವಾಗಿ ‘ದಿಟ್ಟ’ ಎಂಬ ಮೆಚ್ಚಿಕೆಯ ಮಾತಾಗಿದೆ.

ಹಾಗಾದರೆ ಇಂಗ್ಲೀಷಿನಲ್ಲಿ ‘ಅವಳು ಬೋಲ್ಡ್ ಹುಡುಗಿ’ ಎಂದು ಇದ್ದರೆ ಏನು ಬರೆಯಬೇಕು? ‘ಸ್ಮೆಲಾ’ ಎಂದರೆ ಅವಳು ಗೌರವಕ್ಕೆ ಪಾತ್ರಳು. ‘ದೃಝಾ’ ಎಂದರೆ ಶಿಕ್ಷೆಗೆ ಪಾತ್ರಳು. ಅದೇ ಕೆಲಸವನ್ನು ಹುಡುಗನು ಮಾಡಿದ್ದರೆ ಅನೇಕರ ಕೈ ಅನುಮಾನವಿಲ್ಲದೆ ‘ಸ್ಮೆಲೀ’ ಎಂದು ಬರೆಯುತ್ತಿತ್ತು. ನಮ್ಮ ಊರುಗಳಲ್ಲಿಯೂ ಹುಡುಗನ ಎದೆಗಾರಿಕೆಯೇ ಹುಡುಗಿಯಲ್ಲಿ ‘ಗಂಡುಬೀರಿತನ’ವಾಗುವದನ್ನು ನಾವು ಕೇಳಿಲ್ಲವೇ? ಭಾಷಾಂತರಕಾರನ ಲೇಖನಿಯು ಇಲ್ಲಿ ನ್ಯಾಯಾಧಿಪತಿಯ ಲೇಖನಿಯಾಗುತ್ತದೆ. ಮೂಲದಲ್ಲಿ ಹಾಕದ ದೋಷವನ್ನು ಹುಡುಗಿಯ ತಲೆಯ ಮೇಲೆ ಹಾಕುವ ಅಧಿಕಾರ ಅವನಿಗಿಲ್ಲ.

ಇದರ ಬೇರು ಇನ್ನೂ ಆಳದಲ್ಲಿದೆ. ಹೇಡಿತನಕ್ಕೆ ಸ್ಲೋವಾಕಿನಲ್ಲಿ ‘ಝ್ಬಬೆಲೊಸ್ತ್’ ಎನ್ನುತ್ತಾರೆ. ಅದರೊಳಗೆ ಅಡಗಿರುವದು ‘ಬಬ’, ಅಂದರೆ ಮುದುಕಿ, ಮುದುಕಿಯಂತಾಗುವದೇ ಹೇಡಿತನ! ಧೈರ್ಯ ತಂದುಕೊಳ್ಳುವದಕ್ಕೆ ‘ಝ್ಮುಝಿಲೊಸ್ತ್’ ಎಂದೊಂದು ಶಬ್ದ. ಅದರೊಳಗಿರುವದು ‘ಮುಝ್’, ಅಂದರೆ ಗಂಡಸು. ಸ್ಲೋವಾಕರನ್ನು ಮಾತ್ರ ಇದಕ್ಕಾಗಿ ದೂರುವದು ಅನ್ಯಾಯ. ಗ್ರೀಕರು ಧೈರ್ಯಕ್ಕೆ ಇಟ್ಟ ಹೆಸರು ಗಂಡಸೆಂಬ ಶಬ್ದದಿಂದಲೇ ಹುಟ್ಟಿತು. ಇಂಗ್ಲೀಷಿನ ‘ವರ್ಚ್ಯೂ’ ಎಂಬದರ ಲ್ಯಾಟಿನ್ ಮೂಲಕ್ಕೂ ಗಂಡಸುತನವೇ ಅರ್ಥ. ನಾವೂ ‘ಪೌರುಷ’, ‘ಗಂಡೆದೆ’ ಎನ್ನುತ್ತೇವೆ. ಅಂಜುವವನಿಗೆ ಬಳೆ ತೊಟ್ಟುಕೊಳ್ಳೆಂದು ಹಾಸ್ಯ ಮಾಡುತ್ತೇವೆ.

ಆದರೆ ಸತ್ಯವೇದದಲ್ಲಿ ಬೇರೊಂದು ಸಾಕ್ಷಿಯುಂಟು. ಜ್ಞಾನೋಕ್ತಿಗಳ ಕಡೆಯ ಅಧ್ಯಾಯದಲ್ಲಿ ವರ್ಣಿತಳಾದ ಗೃಹಿಣಿಯನ್ನು ಇಬ್ರಿಯ ಮೂಲದಲ್ಲಿ ‘ಹಯಿಲ್’ ಎಂಬ ಶಬ್ದದಿಂದ ಹೊಗಳಿದೆ. ಬಲ, ಪರಾಕ್ರಮ, ಸೈನ್ಯ ಎಂಬ ಅರ್ಥಗಳುಳ್ಳ ಆ ಶಬ್ದವನ್ನೇ ಯುದ್ಧವೀರನಾದ ಗಿದ್ಯೋನನಿಗೂ, ಹೊಲದಲ್ಲಿ ತೆನೆ ಆಯುತ್ತಿದ್ದ ರೂತಳಿಗೂ ಹೇಳಿದೆ. ಹಳೆಯ ಗ್ರೀಕ್ ಭಾಷಾಂತರದವರು ಆ ಗೃಹಿಣಿಯನ್ನು ಧೈರ್ಯಶಾಲಿನಿ ಎಂದರು. ಲ್ಯಾಟಿನಿನವರು ಬಲವುಳ್ಳವಳು ಎಂದರು. 1611ರ ಇಂಗ್ಲೀಷು ಭಾಷಾಂತರದಲ್ಲಿ ಗಿದ್ಯೋನನಿಗೆ ‘ವ್ಯಾಲರ್’ ಉಳಿಯಿತು; ಸ್ತ್ರೀಗೆ ಮಾತ್ರ ಸದ್ಗುಣವೆಂಬ ಮೃದುವಾದ ಮಾತು ಬಂತು. ಸ್ಲೋವಾಕ್ ಲೂಥರನರ ಮನೆಗಳಲ್ಲಿ ಓದಲ್ಪಡುತ್ತಿದ್ದ ಕ್ರಾಲಿತ್ಸೆಯ ಸತ್ಯವೇದದಲ್ಲಿಯಾದರೋ ಅವಳು ‘ಸ್ತತೆಚ್ನಾ’. ಚೆಕ್ ಕಿವಿಗೆ ಅದು 'ಧೀರೆ' ಎಂದು ಕೇಳಿಸೀತು. ಸ್ಲೋವಾಕ್ ಕಿವಿಗೆ ‘ಪ್ರಾಮಾಣಿಕಳೂ ಧೀರೆಯೂ’ ಎಂದು ಎರಡೂ ಕೇಳಿಸೀತು. ಇಬ್ರಿಯ ಶಬ್ದದ ತೂಕವನ್ನು ಇಷ್ಟು ಚೆನ್ನಾಗಿ ಹೊತ್ತ ಶಬ್ದವು ಅಪರೂಪ.

ವ್ಯಾಕರಣದಲ್ಲಿಯೂ ಒಂದು ಸ್ವಾರಸ್ಯವುಂಟು. ಸ್ಲೋವಾಕ್ ಭಾಷೆಯಲ್ಲಿ ಪ್ರತಿಯೊಂದು ನಾಮಪದಕ್ಕೂ ಲಿಂಗವಿದೆ. ‘ಒದ್ವಹ’ ಸ್ತ್ರೀಲಿಂಗ, ‘ಒಸ್ತ್’ ಎಂದು ಮುಗಿಯುವ ಗುಣವಾಚಕಗಳೆಲ್ಲಾ, ಅಂದರೆ ‘ಸ್ಮೆಲೊಸ್ತ್’, ‘ಸ್ತತೊಚ್ನೊಸ್ತ್’, ‘ಖ್ರಬ್ರೊಸ್ತ್’, ಹಾಸ್ಯವೇನಂದರೆ ಗಂಡಸುತನದ ‘ಝ್ಮುಝಿಲೊಸ್ತ್’ ಸಹ, ಸ್ತ್ರೀಲಿಂಗ. ಭಯಕ್ಕೆ ಸಾಧಾರಣವಾಗಿ ಹೇಳುವ ‘ಸ್ತ್ರಖ್’ ಎಂಬದೋ ಪುಲ್ಲಿಂಗ! ವಿನೋದವನ್ನು ಬಿಟ್ಟು ನೋಡಿದರೂ ಇಲ್ಲಿ ಭಾಷಾಂತರಕಾರರಿಗೆ ಒಂದು ಹೊಣೆಯಿದೆ. ಇಂಗ್ಲೀಷಿನಲ್ಲಿ ‘ಬ್ರೇವ್ ಡಾಕ್ಟರ್’ ಎಂದರೆ ಗಂಡಸೋ ಹೆಂಗಸೋ ತಿಳಿಯದು. ಸ್ಲೋವಾಕಿನಲ್ಲಿ ‘ಸ್ತತೊಚ್ನೀ ಲೆಕಾರ್’ ಎಂದಾದರೂ ‘ಸ್ತತೊಚ್ನಾ ಲೆಕಾರ್ಕ’ ಎಂದಾದರೂ ಬರೆಯಲೇಬೇಕು. ‘ಧೈರ್ಯಮಾಡಿದರು’ ಎಂಬ ಕ್ರಿಯಾಪದವೂ ‘ಒದ್ವಾಝಿಲ್ ಸ’, ‘ಒದ್ವಾಝಿಲ ಸ’ ಎಂದು ಬೇರೆಯಾಗುತ್ತದೆ. ಕನ್ನಡದಲ್ಲಿ ನಾವು ಗೌರವದ ಬಹುವಚನದಿಂದ ತಪ್ಪಿಸಿಕೊಳ್ಳಬಹುದು; ಅವರಿಗೆ ಆ ಅನುಕೂಲವಿಲ್ಲ. ವಿಚಾರಿಸದೆ ಪುಲ್ಲಿಂಗವನ್ನೇ ಬರೆದುಬಿಟ್ಟರೆ, ಪ್ರಾಣವನ್ನು ಪಣಕ್ಕೊಡ್ಡಿದ ಒಬ್ಬ ಸ್ತ್ರೀಯು ಒಂದು ಅಕ್ಷರದ ದೆಸೆಯಿಂದ ಚರಿತ್ರೆಯಿಂದಲೇ ಮಾಯವಾಗುವಳು.

ಈ ಶಬ್ದಗಳನ್ನು ಜೀವಂತ ಮನುಷ್ಯರ ಮೇಲೆ ಇಟ್ಟು ನೋಡುವದು ಸರಿಯಾದ ಪರೀಕ್ಷೆ. ಸ್ತಾರಾ ತುರಾ ಎಂಬ ಊರಿನ ಬೋಧಕರ ಮಗಳಾದ ಕ್ರಿಸ್ತೀನ ರೊಯೊವಾ (1860–1936) ಎಂಬಾಕೆ ತನ್ನ ಸಹೋದರಿಯೊಡನೆ ಕುಡಿತದಿಂದ ಹಾಳಾದ ಮನೆಗಳ ನಡುವೆ ಪಾನನಿರೋಧದ ಸಂಘವನ್ನು ಕಟ್ಟಿ, ರೋಗಿಗಳ ಮತ್ತು ಅನಾಥ ಮಕ್ಕಳ ಸೇವೆಗೆ ನಿಂತಳು. ಆಕೆಯು 1893ರಲ್ಲಿ ಪ್ರಕಟಿಸಿದ ಒಂದು ಕಥೆಯು ಅನೇಕ ಭಾಷೆಗಳಿಗೆ ಹೋಯಿತು. ಇಂಗ್ಲೀಷಿನವರು ಆಕೆಯ ವಿಷಯದಲ್ಲಿ ‘ಕರೇಜ್’ ಎಂದು ಬರೆದಿದ್ದರೆ, ನಾವು ಸ್ಲೋವಾಕಿಗೆ ‘ಸ್ತತೊಚ್ನೊಸ್ತ್’ ಎಂದು ದಾಟಿಸುತ್ತಿದ್ದೆವು. ಹವೀವ ರೈಕ್ ಎಂಬಾಕೆ ಸ್ಲೋವಾಕಿಯದಲ್ಲಿ ಹುಟ್ಟಿ ಪ್ಯಾಲೆಸ್ಟೈನಿಗೆ ಹೋಗಿ ನೆಲಸಿದ್ದ ಯೆಹೂದ್ಯ ಸ್ತ್ರೀ. 1944ರ ಆಗಸ್ಟ್ 29ರಂದು ನಾಜಿಗಳ ವಿರುದ್ಧ ಸ್ಲೋವಾಕರ ಬಂಡಾಯ ಎದ್ದಾಗ, ತನ್ನ ಜನರಿಗೆ ನೆರವಾಗುವದಕ್ಕಾಗಿ ಸುರಕ್ಷಿತವಾದ ಸ್ಥಳವನ್ನು ಬಿಟ್ಟು ಹಿಂದಿರುಗಿ ಬಂದಳು. ಅದೇ ವರುಷದ ನವೆಂಬರ್ 20ರಂದು ಕ್ರೆಮ್ನಿಚ್ಕ ಎಂಬಲ್ಲಿ ಕೊಲ್ಲಲ್ಪಟ್ಟಳು. ತೂಗಿ ನೋಡಿ ಮುಂದಡಿಯಿಟ್ಟ ಆಕೆಯದು ‘ಒದ್ವಹ’, ಆಕೆ ‘ಹೃದಿನ್ಕ’.

1988ರ ಮಾರ್ಚ್ 25ರ ಸಾಯಂಕಾಲ ಬ್ರಾತಿಸ್ಲಾವದ ಚೌಕದಲ್ಲಿ ಸಾವಿರಾರು ಮಂದಿ ಕೈಯಲ್ಲಿ ಮೇಣದಬತ್ತಿಗಳನ್ನು ಹಿಡಿದು, ಧರ್ಮಸ್ವಾತಂತ್ರ್ಯಕ್ಕಾಗಿ ಅರ್ಧ ಗಂಟೆ ನಿಂತರು. ಅಂದಿನ ಸರಕಾರದ ಪೋಲೀಸರು ನೀರಿನ ಫಿರಂಗಿಗಳಿಂದಲೂ ದೊಣ್ಣೆಗಳಿಂದಲೂ ಅವರನ್ನು ಚದರಿಸಲು ಯತ್ನಿಸಿದರು. ಅವರು ಮಳೆಯಲ್ಲಿ ಪ್ರಾರ್ಥಿಸುತ್ತಾ ನಿಂತಿದ್ದರು. ಅಲ್ಲಿ ಯಾರೂ ಕತ್ತಿ ಹಿಡಿಯಲಿಲ್ಲ. ಆದಕಾರಣ ‘ಖ್ರಬ್ರೊಸ್ತ್’ ಎಂದರೆ ಅಪಾರ್ಥ. ‘ನಿಲ್ಲು’ ಎಂಬ ಬೇರಿನಿಂದ ಹುಟ್ಟಿದ ಶಬ್ದವೇ ಅವರಿಗೆ ಸಲ್ಲುತ್ತದೆ.

ಶಬ್ದಗಳನ್ನು ದಾಟಿಸುವವರ ಧೈರ್ಯದ ವಿಷಯದಲ್ಲಿಯೂ ಒಂದು ಮಾತು. ಝೊರ ಯೆಸೆನ್ಸ್ಕಾ (1909–1972) ಎಂಬಾಕೆ ರಷ್ಯನ್ ಕಾದಂಬರಿಗಳನ್ನೂ ಶೇಕ್ಸ್‌ಪಿಯರನ ನಾಟಕಗಳನ್ನೂ ಸ್ಲೋವಾಕಿಗೆ ತಂದ ಪ್ರಸಿದ್ಧ ಭಾಷಾಂತರಕರ್ತ್ರಿ. 1968ರಲ್ಲಿ ಪರಸೈನ್ಯವು ದೇಶವನ್ನು ಹೊಕ್ಕಾಗ ಆಕೆ ಅದನ್ನು ಬಹಿರಂಗವಾಗಿ ವಿರೋಧಿಸಿದಳು. ಆದ್ದರಿಂದ ಆಕೆಯ ಬರಹಗಳಿಗೆ ಅಚ್ಚಿನ ಬಾಗಿಲು ಮುಚ್ಚಿತು. ರಷ್ಯನ್ ಸಾಹಿತ್ಯವನ್ನು ಅಷ್ಟು ಪ್ರೀತಿಸಿದಾಕೆಯೇ ರಷ್ಯದ ಸೈನ್ಯವನ್ನು ವಿರೋಧಿಸಿದಳೆಂಬದನ್ನು ನಾವು ಮರೆಯಬಾರದು. ಧೈರ್ಯದ ಶಬ್ದಗಳನ್ನು ಆಕೆ ನಿಘಂಟಿನಲ್ಲಿ ಮಾತ್ರ ಹುಡುಕಲಿಲ್ಲ.

ನಮ್ಮ ವಿದ್ಯಾರ್ಥಿನಿಯರಲ್ಲಿ ಕೆಲವರಾದರೂ ಮುಂದೆ ಉಪಾಧ್ಯಾಯಿನಿಯರಾಗಿಯೋ ಲೇಖಕಿಯರಾಗಿಯೋ ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ತರುವ ಕೆಲಸಕ್ಕೆ ಕೈ ಹಾಕುವರು. ಅವರಿಗೆ ನಾವು ಹೇಳುವದಿಷ್ಟೇ. ‘ಬ್ರೇವ್’ ಎಂದು ಕಂಡ ಕೂಡಲೆ ಲೇಖನಿ ಎತ್ತಬೇಡಿರಿ. ಯಾರು, ಯಾವ ಅಪಾಯದ ಎದುರಿನಲ್ಲಿ, ಎಷ್ಟು ಕಾಲ, ಯಾರಿಗಾಗಿ ನಿಂತರು ಎಂದು ಮೊದಲು ಕೇಳಿರಿ. ಆಲೋಚಿಸಿ ಮುಂದಡಿಯಿಟ್ಟರೋ, ಸಭೆಯಲ್ಲಿ ಬಾಯಿ ತೆರೆದರೋ, ಸುಳ್ಳಿಗೆ ಒಪ್ಪದೆ ನಿಂತರೋ, ವರುಷಗಟ್ಟಲೆ ಸಹಿಸಿದರೋ ನೋಡಿರಿ. ಹೆಣ್ಣಾದರೆ ಹೆಣ್ಣೆಂದೇ ಬರೆಯಿರಿ. ಗಂಡಿಗೆ ಕೊಡುವ ಶಬ್ದವನ್ನೇ ಅವಳಿಗೂ ಕೊಡಿರಿ. ದೂರದ ಸ್ಲೋವಾಕ್ ಜನರು ಧೈರ್ಯಕ್ಕೆ ತಕ್ಕಡಿಯಿಂದ ಹೆಸರು ತೆಗೆದರು. ಆ ತಕ್ಕಡಿಯಲ್ಲಿ ಕಲ್ಲು ಬದಲಿಸದೆ ತೂಗುವ ಪ್ರಾಮಾಣಿಕತೆಯನ್ನು ಕರ್ತನು ನಮ್ಮ ಶಾಲೆಯಿಂದ ಹೊರಡುವ ಪ್ರತಿಯೊಬ್ಬಳಿಗೂ ಅನುಗ್ರಹಿಸಲಿ ಎಂಬದೇ ನಮ್ಮ ಪ್ರಾರ್ಥನೆ.